ಪುಂಡಿಪಲ್ಯವೂ ಸಂಘದ ಜೋಳದ ಚೀಲವೂ



ನಮ್ಮ ಸಂಘದ ದಿನಸಿ ವಿಭಾಗದಲ್ಲಿ ಕಳೆದ ಕೊಯ್ಲಿನ ಕಾಲದಿಂದ ಅಕ್ಕಿ, ಸಕ್ಕರೆ, ಎಣ್ಣೆಗಳ ಸಾಲಿನಲ್ಲಿ ಬಿಳಿಜೋಳದ ನಾಲ್ಕಾರು ಚೀಲಗಳೂ ಕುಳಿತಿರುವುದನ್ನು ತಾವೆಲ್ಲ ಕಂಡಿದ್ದೀರಿ. ಕಂಡವರಲ್ಲಿ ಕೆಲವರು ನಕ್ಕರು, ಕೆಲವರು ಪ್ರಶ್ನೆ ಕೇಳಿದರು. ಕಾಫಿ ಮತ್ತು ಅಡಿಕೆ ಬೆಳೆಗಾರರ ಸಂಘಕ್ಕೂ ಜೋಳಕ್ಕೂ ಏನು ಸಂಬಂಧ ಎಂಬುದೇ ಕೇಳಿದವರ ಮಾತಿನ ತಾತ್ಪರ್ಯ. ನಮ್ಮ ಪೈಕಿ ಯಾರ ಮನೆಯಲ್ಲಿಯೂ ಜೋಳದ ರೊಟ್ಟಿ ತಟ್ಟುವ ವಾಡಿಕೆ ಇಲ್ಲ. ಸಂಘದ ಬಂಡವಾಳ ಇಂಥದಕ್ಕೆ ಸಿಕ್ಕಿಕೊಳ್ಳುವುದು ಸರಿಯೇ ಎಂದು ಆಡಳಿತ ಮಂಡಳಿಯ ಸಭೆಯಲ್ಲಿಯೂ ಒಬ್ಬ ಹಿರಿಯ ಸದಸ್ಯರು ಎತ್ತಿ ಆಡಿದರು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಅದಕ್ಕೆ ಮುಂಚೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಬಿಚ್ಚಿ ಹೇಳುವುದು ಲೇಸು. ಜೋಳದ ಚೀಲ ಅಲ್ಲಿ ಇರಬೇಕು. ಇರುವುದಷ್ಟೇ ಅಲ್ಲ, ಇನ್ನೂ ಹೆಚ್ಚಬೇಕು.

ಇದಕ್ಕೆ ಕಾರಣ ಹೇಳಬೇಕಾದರೆ ಒಂದು ಪಲ್ಯದಿಂದ ಆರಂಭಿಸಬೇಕಾಗುತ್ತದೆ.

ಆ ಪಲ್ಯದ ಹೆಸರು ಪುಂಡಿಪಲ್ಯ. ದಕ್ಷಿಣ ಕನ್ನಡದ ಕಡೆಯ ನೆಂಟಸ್ತಿಕೆ ಇರುವ ನಮ್ಮ ಅಡಿಕೆ ಬೆಳೆಗಾರರು ಪುಂಡಿ ಎಂದ ಕೂಡಲೇ ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟ ತಿಂಡಿಯನ್ನು ನೆನೆಯುತ್ತಾರೆ. ಅದು ತುಳುನಾಡಿನ ಪುಂಡಿ. ನಾವು ಹೇಳುವುದು ಬಯಲುಸೀಮೆಯ ಪುಂಡಿ. ಅದೊಂದು ಗಿಡ, ದಾಸವಾಳದ ಕುಲಕ್ಕೆ ಸೇರಿದ್ದು. ತೆಲುಗರು ಗೋಂಗೂರ ಎಂದೂ ಮರಾಠಿಯವರು ಅಂಬಾಡಿ ಎಂದೂ ಕರೆಯುವುದು ಇದರ ಬಳಗವನ್ನೇ. ಹೊಲದ ಬದುವಿನಲ್ಲಿ, ತೊಗರಿಯ ಸಾಲುಗಳ ನಡುವೆ ನಾಲ್ಕು ಕಾಳು ಎಸೆದರೆ ಆಳೆತ್ತರ ಬೆಳೆಯುತ್ತದೆ. ಎಳೆಯ ಎಲೆ ಅಡಿಗೆಗೆ, ಬಲಿತ ಕಾಂಡದ ತೊಗಟೆ ನಾರಿಗೆ. ಎತ್ತಿನ ಹಗ್ಗ, ಹೊರಸಿನ ಹುರಿ ಎಲ್ಲವೂ ಒಂದು ಕಾಲಕ್ಕೆ ಪುಂಡಿನಾರಿನವೇ. ಎಲೆ ತಿಂದು ಗಿಡವನ್ನೇ ಹಗ್ಗ ಮಾಡಿಕೊಳ್ಳುವ ಈ ಲೆಕ್ಕಾಚಾರ ಅಡಿಕೆ ಮರದ ಹಾಳೆಯನ್ನೂ ಸೋಗೆಯನ್ನೂ ಬಿಡದ ನಮಗೆ ಚೆನ್ನಾಗಿ ಅರ್ಥವಾಗತಕ್ಕದ್ದೇ.

ಕೃಷ್ಣಾ ಮತ್ತು ಭೀಮಾ ನದಿಗಳ ಆಸುಪಾಸಿನ ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ಈ ಪಲ್ಯ ಇಲ್ಲದ ಮನೆಯಿಲ್ಲ. ಮಾಡುವ ಕ್ರಮ ಬಹಳ ಸರಳ. ಎಲೆ ಬಿಡಿಸಿ ತೊಳೆದು ಒಂದು ಕುದಿ ಬರಿಸಿ, ಹುಳಿ ಜಾಸ್ತಿಯಾದೀತೆಂದು ತೋರಿದರೆ ಆ ನೀರು ಬಸಿದು ಚೆಲ್ಲುತ್ತಾರೆ. ಒಂದು ಹಿಡಿ ತೊಗರಿಬೇಳೆಯೋ ಕಡಲೆಬೇಳೆಯೋ, ಅದರ ಜೊತೆಗೆ ಒಂದು ಹಿಡಿ ಜೋಳದ ನುಚ್ಚು ಹಾಕಿ ಸೊಪ್ಪಿನೊಡನೆ ಬೇಯಿಸುತ್ತಾರೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿ ಕೂಡಿಸಿ, ಚೆನ್ನಾಗಿ ಮಸೆದು, ಕುಸುಬಿ ಎಣ್ಣೆಯಲ್ಲೋ ಶೇಂಗಾ ಎಣ್ಣೆಯಲ್ಲೋ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಮುಗಿಯಿತು. ಕಾಯಿಲ್ಲ, ಮಸಾಲೆಯಿಲ್ಲ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪದಾರ್ಥ ಯಾವುದೆಂದರೆ ನಾವು ಸೊಪ್ಪೆಂದುಕೊಳ್ಳುತ್ತೇವೆ. ಮಾಡುವವರು ನುಚ್ಚು ಎನ್ನುತ್ತಾರೆ. ಸೊಪ್ಪಿನ ಹುಳಿಯನ್ನು ತಡೆದು ಪಲ್ಯಕ್ಕೆ ಮೈ ಕೊಡುವುದು ಆ ಒಂದು ಹಿಡಿ ನುಚ್ಚು. ಅಕ್ಕಿ ನುಚ್ಚು ಹಾಕಿದರೆ ಅಂಟಂಟಾಗುತ್ತದೆ, ಗೋಧಿ ರವೆ ಹಾಕಿದರೆ ಬೇರೇನೋ ಆಗುತ್ತದೆ.

ಹುಳಿಯ ಕಾರಣದಿಂದ ಎರಡು ಮೂರು ದಿನ ಕೆಡುವುದಿಲ್ಲ. ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ. ಹೊಲಕ್ಕೆ ಬುತ್ತಿ ಕಟ್ಟಲು ಇದಕ್ಕಿಂತ ಅನುಕೂಲವಾದುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕೆಸುವಿನ ಸೊಪ್ಪಿನ ಕರಕಲಿ ಮಾಡಿ, ದಿನವೂ ಕುದಿಸಿ ಕುದಿಸಿ, ನಾಲ್ಕನೆಯ ದಿನ ಬೋಗುಣಿಯ ತಳ ಕೆರೆದು ತಿನ್ನುವವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದನ್ನು ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡೂ ಉಣ್ಣುತ್ತಾರೆ. ಮೈಗೆ ಹುಷಾರಿಲ್ಲದಾಗ, ದೂರದ ದಾರಿ ನಡೆದು ಬಂದಾಗ, ಮನೆಯಲ್ಲಿ ದುಃಖವಾದಾಗ ಮಾಡುವುದು ಮಾತ್ರ ಜೋಳದ ನುಚ್ಚು. ಜೋಳವನ್ನು ಒಡೆದು ನೀರಿನಲ್ಲಿ ಮೆತ್ತಗೆ ಬೇಯಿಸಿ, ಮೇಲೆ ತಣ್ಣನೆಯ ಮಜ್ಜಿಗೆ ಸುರಿದು, ಪಕ್ಕಕ್ಕೆ ಪುಂಡಿಪಲ್ಯ ಇಟ್ಟುಕೊಟ್ಟರೆ ಆ ಸೀಮೆಯವರಿಗೆ ಬೇರೆ ಔಷಧ ಬೇಡ. ನಮಗೆ ಗಂಜಿ ಹೇಗೋ ಅವರಿಗೆ ಅದು ಹಾಗೆ.

ನಮ್ಮ ಭಾಗದ ತೋಟಗಳಿಗೆ ಸುರಪುರ ಕಡೆಯಿಂದ ಕುಟುಂಬಗಳು ಬರತೊಡಗಿ ಈಗ ಹಲವು ವರ್ಷಗಳಾದುವು. ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕುಳಿತು, ಗಂಟು ಮೂಟೆ, ರೊಟ್ಟಿ ತಟ್ಟುವ ಕಲ್ಲು ಸಮೇತ ಬಂದಿಳಿಯುವ ಇವರನ್ನು ತಾವು ಬಸ್‌ಸ್ಟ್ಯಾಂಡಿನಲ್ಲಿ ಕಂಡೇ ಇದ್ದೀರಿ. ಅವರ ಊರಿನಲ್ಲಿ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವವರೇ ಬಹಳ. ಕೆಲವರು ನಮ್ಮ ಕಡೆಗೂ ಬರುತ್ತಾರೆ. ನಮ್ಮ ತೋಟದ ಲೈನು ಮನೆಯಲ್ಲಿರುವ ಕುಟುಂಬದ ಹೆಂಗಸೊಬ್ಬರು ನಮ್ಮ ಮನೆಯವರಿಗೆ ಈ ಪಲ್ಯವನ್ನು ಮೊದಲು ಮಾಡಿ ತೋರಿಸಿದರು. ಎಷ್ಟು ಸೊಪ್ಪಿಗೆ ಎಷ್ಟು ನುಚ್ಚು ಎಂದು ನಮ್ಮ ಮನೆಯವರು ಚೀಟಿ ಹಿಡಿದು ಕೇಳಿದರೆ ಆಕೆ ನಕ್ಕು, "ಅಳತಿ ಏನ್ ಇಲ್ರೀ ಅಕ್ಕಾರ. ನಮ್ಮಾಯಿ ಕೈ ಹಿಡದು ತೋರಿಸ್ಯಾಳ, ಅದಽ ಅಳತಿ" ಎಂದರು. ಆಯಿ ಎಂದರೆ ಆ ಕಡೆ ಅಜ್ಜಿ.

ಈ ಮಾತನ್ನು ನಾವು ಆಮೇಲೆ ಬಹಳ ಸಲ ಮೆಲುಕು ಹಾಕಿದ್ದೇವೆ. ಗುಳೆ ಹೋಗುವ ಮನೆಗಳಲ್ಲಿ ಮಕ್ಕಳು ಆಯಿ ಮುತ್ಯಾನ ಹತ್ತಿರ ಉಳಿಯುತ್ತಾರೆ. ತಾಯಿ ತಂದೆ ದುಡಿಯಲು ದೂರ ಹೋದ ತಿಂಗಳುಗಳಲ್ಲಿ ಒಲೆಯ ಮುಂದೆ ಕೂರುವುದು ಅಜ್ಜಿ ಮತ್ತು ಮೊಮ್ಮಗಳು. ಈ ಅಡಿಗೆ ದಾಟಿಬಂದಿರುವುದು ತಾಯಿಯಿಂದ ಮಗಳಿಗೆ ಎನ್ನುವುದಕ್ಕಿಂತ, ನಡುವಿನ ಒಂದು ತಲೆಯನ್ನು ಹಾರಿ, ಅಜ್ಜಿಯಿಂದ ಮೊಮ್ಮಗಳಿಗೆ. ಯಾವ ಪುಸ್ತಕದಲ್ಲಿಯೂ ಬರೆದಿಟ್ಟು ಬಂದದ್ದಲ್ಲ. ಕೈ ಇರಬೇಕು, ಕೈಯೊಳಗೆ ಕಾಳು ಇರಬೇಕು. ಆ ಕಾಳಿನ ವಿಷಯಕ್ಕೇ ಈಗ ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ಅದೇ ಕುಟುಂಬದ ಒಂದು ಮದುವೆಗೆಂದು ನಾವು ಸುರಪುರ ತಾಲ್ಲೂಕಿಗೆ ಹೋಗಿದ್ದೆವು. ಸುರಪುರ ಸಾಮಾನ್ಯ ಊರಲ್ಲ. ಬೇಡರ ನಾಯಕರು ಆಳಿದ ಸಂಸ್ಥಾನ. ಮೊಗಲ ಬಾದಶಹ ಔರಂಗಜೇಬನು ಮುಪ್ಪಿನ ಕಾಲದಲ್ಲಿ, 1705ರಲ್ಲಿ, ತಾನೇ ಸೈನ್ಯ ತೆಗೆದುಕೊಂಡು ಬಂದು ಹತ್ತಿರದ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಕಾದಿದರು. ಅವರ ಬಾಲ್ಯದಲ್ಲಿ ಸಂಸ್ಥಾನದ ಉಸ್ತುವಾರಿ ನೋಡಿದ ಮೆಡೋಸ್ ಟೇಲರನ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಗುಡ್ಡದ ಮೇಲೆ ಇಂದಿಗೂ ಇದೆ. ಆಮೇಲೆ ನಿಜಾಮನ ಹೈದರಾಬಾದು, 1956ರಲ್ಲಿ ನಮ್ಮ ರಾಜ್ಯ, ಗುಲಬರ್ಗಾ ಜಿಲ್ಲೆ, 2009ರ ಕೊನೆಯಿಂದ ಯಾದಗಿರಿ ಜಿಲ್ಲೆ. ಇಷ್ಟು ಸರಕಾರಗಳು ಬದಲಾದರೂ ಊಟದ ತಟ್ಟೆ ಬದಲಾಗಿರಲಿಲ್ಲ ಎಂಬುದು ನಾವು ಹೇಳಲು ಹೊರಟ ಮಾತು. ಅದು ಬದಲಾದದ್ದು ಕಾಲುವೆಯಿಂದ.

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಮುಗಿದದ್ದು 1982ರಲ್ಲಿ. ಬಸವಸಾಗರ ಎಂದು ಅದರ ಹೆಸರು. ಅಂದು ಅದು ಸುರಪುರ ತಾಲ್ಲೂಕಿನಲ್ಲಿತ್ತು, ಈಗ ಹುಣಸಗಿ ಬೇರೆ ತಾಲ್ಲೂಕಾಗಿದೆ. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕರಿಮಣ್ಣಿನ ನೆಲಕ್ಕೆ ನೀರು ತಂದಿತು. ಅದಕ್ಕೆ ಮೊದಲು ಆ ನೆಲದಲ್ಲಿ ಹಿಂಗಾರಿ ಜೋಳ ಬೆಳೆಯುತ್ತಿದ್ದ ರೀತಿಯನ್ನು ನಾವು ಮಲೆನಾಡಿನವರು ಊಹಿಸಿಕೊಳ್ಳುವುದೂ ಕಷ್ಟ. ಮಳೆಗಾಲವೆಲ್ಲ ಹೊಲವನ್ನು ಹರಗಿ ಖಾಲಿ ಬಿಟ್ಟು, ಮಣ್ಣಿಗೆ ನೀರು ಕುಡಿಸಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಮುಂದೆ ಮಳೆ ಬರಲಿ ಬಿಡಲಿ, ಕರಿಮಣ್ಣು ಹಿಡಿದಿಟ್ಟ ತೇವ ಮತ್ತು ಚಳಿಗಾಲದ ಇಬ್ಬನಿ ಇವೆರಡರಲ್ಲಿಯೇ ಬೆಳೆ ಎದ್ದು ತೆನೆ ಕಟ್ಟುತ್ತದೆ. ನೂರು ಅಂಗುಲ ಮಳೆಯಲ್ಲಿ ನೆನೆದೂ ಮಾರ್ಚಿನಲ್ಲಿ ಹೂಮಳೆಗೆ ಆಕಾಶ ನೋಡುವ ನಾವು ಆ ಬೆಳೆಗೆ ಕೈಮುಗಿಯಬೇಕು.

ನೀರು ಬಂದ ಮೇಲೆ ಭತ್ತ ಬಂತು. ಹತ್ತಿ ಬಂತು, ಮೆಣಸಿನಕಾಯಿ ಬಂತು. ನಾವು ಹೋದಾಗ ರಸ್ತೆಯ ಎರಡು ಕಡೆಯೂ ಭತ್ತದ ಹಸಿರು. ಮದುವೆ ಮನೆಯ ಯಜಮಾನರನ್ನು ಜೋಳದ ಹೊಲ ಎಲ್ಲಿ ಎಂದು ಕೇಳಿದೆವು. "ನಮ್ಮ ಹೊಲ್ದಾಗೂ ಈಗ ಭತ್ತಽ ಅದರೀ. ಜೋಳ ಪ್ಯಾಟಿಯಿಂದ ತರ್ತೀವಿ" ಎಂದರು. ಹೇಳುವಾಗ ಅವರಿಗೆ ಸಂಕೋಚವೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಅವರದು ತಪ್ಪೆಂದು ನಾವು ಹೇಳುವುದಿಲ್ಲ. ಲೆಕ್ಕ ನೋಡಿ. 2025-26ನೆಯ ಸಾಲಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ. ಬೆಲೆ ಮಾತ್ರ ನೋಡಿದರೆ ಜೋಳವೇ ಮೇಲು. ಆದರೆ ನೀರು ಕಂಡ ಎಕರೆಯಲ್ಲಿ ಭತ್ತ ಕೊಡುವ ಇಳುವರಿ ಒಣ ಬೇಸಾಯದ ಜೋಳದ ಹಲವು ಪಟ್ಟು. ಮೇಲಾಗಿ ಭತ್ತಕ್ಕೆ ಕೊಳ್ಳುವವರು ಗದ್ದೆಗೇ ಬರುತ್ತಾರೆ. ಜೋಳಕ್ಕೆ ಹಕ್ಕಿ ಕಾಯಬೇಕು, ಕೊಯ್ಯಬೇಕು, ತೆನೆ ಮುರಿಯಬೇಕು, ಅದಕ್ಕೂ ಆಳು ಬೇಕು. ಇಷ್ಟಾದರೂ ಕಾಲುವೆ ಎಲ್ಲರ ಹೊಲಕ್ಕೂ ಹೋಗಿಲ್ಲ. ಎತ್ತರದ ಹೊಲ, ಕಾಲುವೆಯ ತುದಿಯ ಹೊಲ ಒಣಗಿಯೇ ಇವೆ. ಗುಳೆ ಹೊರಡುವುದು ಬಹುಮಟ್ಟಿಗೆ ಆ ಮನೆಗಳಿಂದ. ಹೀಗೆ ನೀರು ಬಂದವರ ಹೊಲದಲ್ಲಿ ಜೋಳ ಹೋಯಿತು, ನೀರು ಬಾರದವರು ಹೊಲ ಬಿಟ್ಟು ಹೋದರು.

ಜೋಳದ ಜೊತೆಗೆ ಇನ್ನೊಂದು ಹೋಯಿತು. ಜೋಳದ ದಂಟು ದನಗಳ ಮೇವು. ಆ ಸೀಮೆಯಲ್ಲಿ ಅದಕ್ಕೆ ಕಣಿಕೆ ಎನ್ನುತ್ತಾರೆ. ರೈತ ಕಾಳಿಗೆಷ್ಟೋ ಕಣಿಕೆಗೂ ಅಷ್ಟೇ ಆಸೆಪಟ್ಟು ಜೋಳ ಬಿತ್ತುತ್ತಿದ್ದ. ಕಣಿಕೆ ಕಡಿಮೆಯಾದಂತೆ ಕೊಟ್ಟಿಗೆಯ ಎಮ್ಮೆ ಆಕಳು ಕಡಿಮೆಯಾದುವು. ಮಜ್ಜಿಗೆ ಅಂಗಡಿಯ ಪೊಟ್ಟಣಕ್ಕೆ ಬಂತು. ಬದುವು ಭತ್ತದ ಗದ್ದೆಗೆ ಒಡ್ಡಾದ ಮೇಲೆ ಪುಂಡಿಗೆ ಬದುವೂ ಇಲ್ಲ. ಒಂದು ಬಟ್ಟಲು ನುಚ್ಚು ಮಜ್ಜಿಗೆ ಹಿಂದೆ ಒಂದಿಡೀ ಹೊಲದ ವ್ಯವಸ್ಥೆ ನಿಂತಿತ್ತು ಎಂಬುದನ್ನು ನಾವು ಅಲ್ಲಿ ಕಂಡೆವು. ಮದುವೆಯ ಊಟ ಅನ್ನ ಸಾರಿನದಾಗಿತ್ತು. ಮಾರನೆಯ ಬೆಳಿಗ್ಗೆ ಮನೆಯ ಹಿರಿಯಮ್ಮನವರು ದೂರದಿಂದ ಬಂದವರೆಂದು ನಮಗೆ ಪ್ರತ್ಯೇಕವಾಗಿ ನುಚ್ಚು ಮಾಡಿ, ಪಲ್ಯ ಹಾಕಿಕೊಟ್ಟರು. ಪೇಟೆಯಿಂದ ತಂದ ಜೋಳದ್ದು.

ಈಗ ನಮ್ಮ ಕಡೆಗೆ ನೋಡೋಣ. ನಾವೇನು ಕಡಿಮೆ ಮಾಡಿದ್ದೇವೆ? ನಮ್ಮ ತಂದೆಯವರ ಕಾಲದಲ್ಲಿ ಪ್ರತಿ ಬೆಳೆಗಾರನಿಗೂ ತೋಟದ ಕೆಳಗೆ ಒಂದಿಷ್ಟು ಗದ್ದೆ. ಮನೆಯ ಅಕ್ಕಿ ಕೊಂಡು ತಿನ್ನುವುದು ಎಂದರೆ ಮರ್ಯಾದೆಗೆ ಕುಂದು. ಇಂದು ನಮ್ಮ ಸಂಘದ ಸದಸ್ಯರಲ್ಲಿ ಗದ್ದೆಗೆ ಅಡಿಕೆ ಸಸಿ ಇಡದವರನ್ನು ಬೆರಳಿನಲ್ಲಿ ಎಣಿಸಬಹುದು. ನಮ್ಮದೂ ಲೆಕ್ಕವೇ. ಗದ್ದೆ ಸಾಗುವಳಿಗೆ ಆಳು ಸಿಗುವುದಿಲ್ಲ, ಕಾಡುಹಂದಿ ಬಿಡುವುದಿಲ್ಲ, ಅಡಿಕೆಯ ಧಾರಣೆ ಕಣ್ಣಿಗೆ ಕಟ್ಟುತ್ತದೆ. ಫಲವಾಗಿ ಸಂಘದ ಅಂಗಡಿಯಲ್ಲಿ ನಾವು ಕೊಳ್ಳುವುದು ಬಯಲುಸೀಮೆಯ ಕಾಲುವೆ ನೀರಿನ ಸೋನಾ ಮಸೂರಿ. ಜೋಳ ಕಿತ್ತು ಭತ್ತ ಬೆಳೆದವರ ಅಕ್ಕಿಯನ್ನು ಭತ್ತ ಕಿತ್ತು ಅಡಿಕೆ ಬೆಳೆದ ನಾವು ಉಣ್ಣುತ್ತಿದ್ದೇವೆ. ಆ ಊರಿನವರೇ ನಮ್ಮ ತೋಟಕ್ಕೆ ಕೊಯ್ಲಿಗೆ ಬಂದು, ಅದೇ ಅಕ್ಕಿಯನ್ನು ನಮ್ಮ ಅಂಗಡಿಯಲ್ಲಿ ಕೊಂಡು, ಉಂಡಂತೆ ಆಗಲಿಲ್ಲವೆಂದು ಕೂರುತ್ತಾರೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

"ಅನ್ನ ಉಂಡ್ರ ಉಂಡಂಗ ಆಗಂಗಿಲ್ರೀ ಸಾವ್ಕಾರ್ರ, ತಾಸಿನ್ಯಾಗ ಹಸಿತದ" ಎಂದು ಅವರು ಹೇಳುವ ಮಾತನ್ನು ನಮ್ಮಲ್ಲಿ ಅನೇಕರು ಕೇಳಿ ಮುಗುಳುನಕ್ಕು ಸುಮ್ಮನಾಗಿದ್ದೀರಿ. ಇದು ಬರಿಯ ರೂಢಿಯ ಮಾತಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಇಡೀ ಕಾಳಿನ ಜೋಳದಲ್ಲಿ ನಾರಿನಂಶ ಹೆಚ್ಚು, ಅರಗುವುದು ನಿಧಾನ. ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ಯುವವರಿಗೆ ಅದರ ವ್ಯತ್ಯಾಸ ಹೊಟ್ಟೆಯಲ್ಲೇ ಗೊತ್ತಾಗುತ್ತದೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಜೋಳವೂ ಆ ಪಟ್ಟಿಯಲ್ಲಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಅಂದವಾದ ಪೊಟ್ಟಣದಲ್ಲಿ ಜೋಳದ ಹಿಟ್ಟು ಕೂತಿತು. ಸಕ್ಕರೆ ಕಾಯಿಲೆಯ ನಮ್ಮ ಕೆಲವು ಸದಸ್ಯರೂ ವೈದ್ಯರ ಮಾತಿಗೆ ಅದನ್ನು ತರಿಸಿ ತಿನ್ನುತ್ತಿದ್ದಾರೆ. ತಲೆತಲಾಂತರದಿಂದ ಅದನ್ನೇ ಉಂಡು ಬಂದವರ ಪಾಲಿಗೆ ಮಾತ್ರ ರೇಷನ್ ಅಕ್ಕಿ. ಉತ್ತರದ ಜಿಲ್ಲೆಗಳಲ್ಲಿ ಪಡಿತರದಲ್ಲಿ ಜೋಳ ಕೊಡುವ ಏರ್ಪಾಡು ಉಂಟು. ಊರು ಬಿಟ್ಟು ಇಲ್ಲಿಗೆ ಬಂದವರಿಗೆ ಅದು ಎಲ್ಲಿಂದ ಸಿಗಬೇಕು?

ಸದಸ್ಯರಿಂದ ಬಂದ ಆಕ್ಷೇಪಣೆಗಳಿಗೆ ಈಗ ಉತ್ತರ ಕೊಡಬೇಕು.

ಜೋಳಕ್ಕೆ ನಮ್ಮ ಮಳೆಗಾಲದಲ್ಲಿ ಹುಳು ಹಿಡಿಯುತ್ತದೆ ಎಂದರು. ನಿಜ. ಅವರ ಊರಿನಲ್ಲಿ ಹಗೇವು ಎಂದು ನೆಲದೊಳಗೆ ಗುಳಿ ತೋಡಿ ವರ್ಷಗಟ್ಟಲೆ ಕಾಳು ಇಡುತ್ತಿದ್ದರು. ಆ ಒಣ ನೆಲದ ಉಪಾಯ ಇಲ್ಲಿ ನಡೆಯದು. ನಮ್ಮಲ್ಲಿ ಗುಳಿ ತೋಡಿದರೆ ಜೋಳದ ಬದಲು ಏಡಿ ಸಿಕ್ಕೀತು. ಆದರೆ ಈ ಕುಟುಂಬಗಳಲ್ಲಿ ಬಹುಪಾಲು ಇರುವುದು ನವೆಂಬರಿನಿಂದ ಮಾರ್ಚಿಯವರೆಗೆ, ಕಾಫಿ ಕೊಯ್ಲು ಮತ್ತು ಅಡಿಕೆ ಸುಲಿತದ ಒಣ ತಿಂಗಳುಗಳಲ್ಲಿ. ಆ ಕಾಲಕ್ಕೆ ಹುಳುವಿನ ಭಯ ಅಷ್ಟಿಲ್ಲ. ಮಳೆಗಾಲಕ್ಕೆ ಉಳಿಯುವ ಕೆಲವೇ ಮನೆಗಳಿಗೆ ಸಣ್ಣ ಸಣ್ಣ ಕಂತಿನಲ್ಲಿ ತರಿಸಿದರೆ ಸಾಕು.

ಬಂಡವಾಳ ಸಿಕ್ಕಿಕೊಳ್ಳುತ್ತದೆ ಎಂಬುದು ಎರಡನೆಯ ಮಾತು. ಐವತ್ತು ಮನೆಗಳಿಗೆ ತಿಂಗಳಿಗೆ ತಲಾ 30 ಕಿಲೋ ಹಿಡಿದರೂ 15 ಕ್ವಿಂಟಲ್. ಸಂಘ ಗೊಬ್ಬರಕ್ಕೂ ಮೈಲುತುತ್ತಕ್ಕೂ ತೊಡಗಿಸುವ ಹಣದ ಮುಂದೆ ಇದು ಕೈಬೆರಳಿನ ಉಗುರು. ಲಾಭವಿಲ್ಲದೆ ತಂದ ಬೆಲೆಗೆ ಸಾಗಣೆ ಸೇರಿಸಿ ಮಾರಬೇಕೆಂಬುದು ನಮ್ಮ ಸಲಹೆ.

ಮೂರನೆಯ ಮಾತು ಸ್ವಲ್ಪ ಕಟುವಾದುದು. "ಜೋಳ ಕೊಟ್ಟರೂ ಅವರು ನಿಲ್ಲುವವರಲ್ಲ, ಮುಂಗಡ ತೆಗೆದುಕೊಂಡು ಬೇರೆ ಕಡೆ ಹೋಗುತ್ತಾರೆ, ನಾವೇಕೆ ಉಪಚಾರ ಮಾಡಬೇಕು" ಎಂದು ಒಬ್ಬರು ಹೇಳಿದರು. ಹಳಗನ್ನಡದಲ್ಲಿ ಜೋಳವಾಳಿ ಎಂದು ಒಂದು ಪದವಿದೆ. ಒಡೆಯನ ಜೋಳ ಉಂಡ ಭಟ ಅವನಿಗಾಗಿ ಪ್ರಾಣ ಕೊಡುವ ಋಣಕ್ಕೆ ಆ ಹೆಸರು. ಪಂಪನ ಕಾವ್ಯದಲ್ಲಿಯೂ ಬರುತ್ತದೆ. ಕನ್ನಡ ನಾಡಿನಲ್ಲಿ ಅನ್ನದ ಋಣ ಎಂಬುದು ಮೂಲತಃ ಜೋಳದ ಋಣವಾಗಿತ್ತು ಎಂಬುದು ನೆನಪಿಡತಕ್ಕ ವಿಷಯ. ಆದರೆ ಆ ಋಣದ ಲೆಕ್ಕವನ್ನು ನಾವು ಇಲ್ಲಿ ತೆರೆಯಬಾರದು. ಇವರು ನಮ್ಮ ಭಟರಲ್ಲ. ದುಡಿದದ್ದಕ್ಕೆ ಕೂಲಿ ಪಡೆದು, ಆ ಕೂಲಿಯಿಂದ ಜೋಳ ಕೊಳ್ಳುವವರು. ಅವರು ಕೇಳುತ್ತಿರುವುದು ಪುಕ್ಕಟೆ ಜೋಳವನ್ನಲ್ಲ, ಕಾಸು ಕೊಟ್ಟರೆ ಸಿಗುವ ಜೋಳವನ್ನು. ಪೇಟೆಯ ಅಂಗಡಿಯಲ್ಲಿ ಅದು ಸಿಗುವುದು ಅರ್ಧ ಕಿಲೋ ಪೊಟ್ಟಣದಲ್ಲಿ, ಹಿಟ್ಟು ಬೀಸಿ ಎಷ್ಟು ತಿಂಗಳಾಯಿತೋ ದೇವರೇ ಬಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ನಮ್ಮ ಅಕ್ಕಿರೊಟ್ಟಿಗೆ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸುವ ಹಾಗೆಯೇ ಅದಕ್ಕೂ ಕುದಿನೀರು ಬಿಟ್ಟು ನಾದಬೇಕು. ಹಿಟ್ಟು ಹಳತಾದರೆ ಎಷ್ಟು ನಾದಿದರೂ ತಟ್ಟುವಾಗ ಅಂಚು ಬಿರಿಯುತ್ತದೆ. ಅದಕ್ಕೇ ಅವರು ವಾರ ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವುದು.

ಇಲ್ಲಿಯೇ ರಜೆಯ ವಿಷಯವನ್ನೂ ಹೇಳಿಬಿಡುತ್ತೇವೆ. ಪ್ರತಿ ವರ್ಷ ಡಿಸೆಂಬರ್ ಜನವರಿಯ ನಡುವೆ, ಕೊಯ್ಲು ಬಿರುಸಾಗಿರುವಾಗಲೇ, ಈ ಕುಟುಂಬಗಳು ಒಂದೆರಡು ದಿನದ ರಜೆ ಕೇಳುತ್ತವೆ. ಎಳ್ಳ ಅಮಾವಾಸ್ಯೆ. ಅಂದು ಅವರ ಸೀಮೆಯಲ್ಲಿ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು, ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಹಲವು ಕಾಳು ಕಾಯಿಪಲ್ಯ ಕೂಡಿಸಿದ ಭಜ್ಜಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಪೂಜೆ ಮಾಡಿ, ಅಡಿಗೆಯ ಒಂದು ಪಾಲನ್ನು ಹೊಲದ ಸುತ್ತಲೂ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಆಮೇಲೆ ಎಲ್ಲರೂ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಇದ್ದವರು ಕರೆದು ಕೂರಿಸಿಕೊಳ್ಳುತ್ತಾರೆ. ಹಣ್ಣು ನೆಲಕ್ಕೆ ಉದುರುವಾಗ ಇದೆಂಥ ಹಬ್ಬ ಎಂದು ಗೊಣಗುವ ನಮ್ಮ ಸದಸ್ಯರು ತಮ್ಮ ಮನೆಯ ಭೂಮಿ ಹುಣ್ಣಿಮೆಯನ್ನು ನೆನೆಯಬೇಕು. ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡಿಗೆ ಮಾಡಿ, ಬಗೆಬಗೆಯ ಸೊಪ್ಪು ಕೂಡಿಸಿ ಬೇಯಿಸಿದ ಅಚ್ಚಂಬಲಿಯನ್ನು ನಸುಕಿನಲ್ಲಿ ಗದ್ದೆಗೆ ಬೀರುತ್ತೇವಲ್ಲ, ಅದು ಏನು? ಅವರು ತುಂಬಿದ ಕಾಳಿಗೆ ಬಡಿಸುತ್ತಾರೆ, ನಾವು ಹೊಡೆ ತುಂಬಿದ ಭತ್ತಕ್ಕೆ ಬಡಿಸುತ್ತೇವೆ. ಗದ್ದೆ ಹೋದ ಮೇಲೆ ನಮ್ಮಲ್ಲಿ ಎಷ್ಟೋ ಮನೆಗಳವರು ಅದನ್ನು ಅಡಿಕೆ ತೋಟದಲ್ಲೇ ಬೀರಿ ಬರುತ್ತಿದ್ದೇವೆ. ಹಾಗೆಯೇ ಕಳೆದ ವರ್ಷ ಊರಿಗೆ ಹೋಗಲಾರದ ಎರಡು ಕುಟುಂಬಗಳು ನಮ್ಮ ಕಾಫಿ ತೋಟದ ಸುತ್ತ ಚರಗ ಚೆಲ್ಲಿದುವು. ಆ ದಿನದ ಕೊಯ್ಲು ಮಾರನೆಯ ದಿನ ಆಯಿತು.

ಲೈನು ಮನೆಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ಮಕ್ಕಳ ವಿಷಯ ನಮ್ಮನ್ನು ಹೆಚ್ಚು ಕಾಡುತ್ತದೆ. ಆಯಿಯನ್ನು ಬಿಟ್ಟು ತಾಯಿ ತಂದೆಯೊಡನೆ ಇಲ್ಲಿಗೇ ಬಂದ ಮಕ್ಕಳು ಇಲ್ಲಿಯ ಶಾಲೆಗೆ ಹೋಗುತ್ತಾರೆ, ಬಿಸಿಯೂಟದಲ್ಲಿ ಅನ್ನ ಸಾರು ಉಣ್ಣುತ್ತಾರೆ, ನಮ್ಮ ಮಕ್ಕಳ ಹಾಗೆಯೇ ಮಾತಾಡುತ್ತಾರೆ. ಒಳ್ಳೆಯದೇ. ನಾವು ಮೇಲೆ ಹೇಳಿದ ಹೆಂಗಸಿನ ಮಗಳಿಗೆ ಈಗ ಹನ್ನೆರಡು ವರ್ಷ. ಹಿಂದಿನ ವರ್ಷದವರೆಗೆ ಆಕೆಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಕಲಿಯಲು ಮನಸ್ಸಿಲ್ಲದೆ ಅಲ್ಲ. ವಾರಕ್ಕೆ ಒಂದು ದಿನ ಸಿಗುವ ಪೊಟ್ಟಣದ ಹಿಟ್ಟನ್ನು ಕಲಿಯುವ ಕೈಗೆ ಕೊಟ್ಟು ಹಾಳು ಮಾಡಲು ತಾಯಿಗೆ ಧೈರ್ಯವಿರಲಿಲ್ಲ. ಅಂಗಡಿಗೆ ಜೋಳದ ಚೀಲ ಬಂದ ಮೇಲೆ ಕಲಿತಿದ್ದಾಳೆ. ಮೊದಲ ವಾರ ಭೂಪಟಗಳನ್ನು ತಟ್ಟಿದಳಂತೆ. ಈಗ ದುಂಡಗೆ ಬರುತ್ತವೆ. ಸಂಘದ ವರದಿಯಲ್ಲಿ ಕಾಣಿಸುವ ಅಂಕಿ ಅಂಶ ಇದಲ್ಲ. ಆದರೂ ಚೀಲ ಏಕೆ ಇರಬೇಕು ಎಂದು ಕೇಳಿದವರಿಗೆ ನಾವು ಕೊಡುವ ಮೊದಲ ಉತ್ತರ ಇದೇ. ಆಳುಗಳ ಅಭಾವ, ಕೊಯ್ಲಿನ ಅನುಕೂಲ ಇತ್ಯಾದಿ ಕಾರಣಗಳು ಆಮೇಲೆ.

ಸಭೆಯ ಮುಂದೆ ಇಡುವ ಸೂಚನೆಗಳು ಇಷ್ಟು. ನವೆಂಬರಿನಿಂದ ಮಾರ್ಚಿಯವರೆಗೆ ತಿಂಗಳಿಗೆ 15 ಕ್ವಿಂಟಲ್ ಬಿಳಿಜೋಳ ತರಿಸುವುದು. ಸಾಧ್ಯವಾದರೆ ಮಧ್ಯವರ್ತಿಗಳನ್ನು ಬಿಟ್ಟು ಆ ಸೀಮೆಯ ಒಂದು ಸಹಕಾರ ಸಂಘದಿಂದಲೇ ಕೊಳ್ಳುವುದು. ಇನ್ನೂ ಜೋಳ ಬಿತ್ತುತ್ತಿರುವ ರೈತನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಅದೂ ಬೆಳೆಗಾರನ ಕೆಲಸವೇ. ಸಂಘದ ಹಿಟ್ಟಿನ ಗಿರಣಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಜೋಳಕ್ಕೆ ಮೀಸಲಿಡುವುದು. ಅಕ್ಕಿ ಬೀಸಿದ ಕಲ್ಲಿಗೆ ಜೋಳ ಹಾಕಿದರೆ ಎರಡೂ ಕೆಡುತ್ತವೆ ಎಂದು ಗಿರಣಿಯವರ ತಕರಾರು ಇದೆ; ಆ ದಿನ ಕಲ್ಲು ಒರಸಿ, ಜೋಳವೊಂದನ್ನೇ ಬೀಸಿದರೆ ತಕರಾರಿಲ್ಲವೆಂದು ಅವರೇ ಹೇಳಿದ್ದಾರೆ. ನುಚ್ಚು ಬೇಕಾದವರಿಗೆ ಮೊದಲ ಅರ್ಧ ಗಂಟೆ.

ಪುಂಡಿ ಬೀಜ ಸುರಪುರದಿಂದ ಒಂದು ಸಣ್ಣ ಗಂಟು ಬಂದಿದೆ. ದಿನಸಿ ವಿಭಾಗದ ಗುಮಾಸ್ತರ ಹತ್ತಿರ ಇಡಲಾಗಿದೆ, ಬೆಲೆ ಇಲ್ಲ. ಲೈನು ಮನೆಯ ಹಿಂದೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಇದ್ದವರು ಮಳೆ ಹಿಂದಾದ ಮೇಲೆ ಹಾಕಿಕೊಳ್ಳಬಹುದು. ನೆರಳಿನ ತೋಟದೊಳಗೆ ಬರುವುದಿಲ್ಲ. ಎಲೆಯನ್ನು ದನ ಬಿಡುವುದಿಲ್ಲವಾದ್ದರಿಂದ ಬೇಲಿ ಅವಶ್ಯ.